ಹನಕೆರೆಯ ಎರಡು ವಿಮಾನ

"ಕೂರೋ ಹಲಗೇನ ಇನ್ನೊಂದು ಚೂರು ಹಿಂದಕ್ಕೆ ಕಟ್ಟು ಕಣಪ್ಪ. ಅಲ್ಲೇ ಕಟ್ಟಿದ್ರೆ ಎತ್ತುತ್ಲೂವೆ ಮುಂದಕ್ಕೆ ಮುಗ್ಗರಿಸ್ತದೆ," ಎಂದಳು ಸೋಮಮ್ಮ, ಜಗುಲಿಯ ಕಂಬಕ್ಕೆ ಒರಗಿ ಕೂತಲ್ಲಿಂದಲೇ.

ಚಿಕ್ಕಮಾದು ಹುರಿಹಗ್ಗವನ್ನು ಹಲ್ಲಲ್ಲಿ ಕಚ್ಚಿಕೊಂಡೇ ತಲೆಯೆತ್ತಿ ನೋಡಿದ. ಹನಕೆರೆಯ ಕಡೆ ಮಕ್ಕಳು ಮೊಮ್ಮಕ್ಕಳನ್ನು ಕಂಡು ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಲ್ಲಿ ವಿಮಾನ ಕಟ್ಟಿ, ಹೂವು ಸುತ್ತಿ, ಕೂರಿಸಿ, ತಮಟೆ ಬಡಿದು ಮೆರೆಸಿ ಕಳಿಸುತ್ತಾರೆ. ಆ ವಿಮಾನ ಕಟ್ಟುವ ಕೆಲಸ ಚಿಕ್ಕಮಾದುವಿನದು. ಎದೆ ಬಡಿದುಕೊಂಡು ಅಳುವ ಹೆಂಡತಿಯರನ್ನು ಅವನು ಬೇಕಾದಷ್ಟು ಕಂಡಿದ್ದ. ಗಂಡನ ವಿಮಾನದ ಹಿಂದುಮುಂದಿನ ತೂಕ ನೋಡುವವಳನ್ನು ಕಂಡದ್ದು ಇದೇ ಮೊದಲು. ಆದರೂ ಗಂಟು ಬಿಚ್ಚಿ ಹಲಗೆ ಸರಿಸಿದ.

"ಈಗ ಸರಿಯಾಯ್ತಾ ಅವ್ವಾ?"

"ಈಗ ಸರಿ."

ಪಕ್ಕದಲ್ಲಿ ಕೂತಿದ್ದ ಓರಗಿತ್ತಿ ಪಟ್ಟಲಮ್ಮ ಅವಳ ತೋಳು ಹಿಡಿದು ಅಲ್ಲಾಡಿಸಿದಳು. "ಇದೇನೆ ಸೋಮಿ, ಬಡಗಿ ಕೆಲ್ಸ ಮಾಡಿಸ್ದಂಗೆ ಮಾಡಿಸ್ತಿದ್ದೀಯ? ಅತ್ತುಬುಡೆ. ಎದೇಲಿ ಮಡೀಕಂಡ್ರೆ ಕೆಡ್ತದೆ."

"ಬತ್ತಾ ಇಲ್ಲ ಕಣಕ್ಕ. ಏನ್ ಮಾಡ್ಲಿ?"

ನಿಜಕ್ಕೂ ಬರುತ್ತಿರಲಿಲ್ಲ. ನಡುಮನೆಯ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಹೊಸ ಪಂಚೆ ಉಟ್ಟು ಕೂತಿದ್ದ ಚಿಕ್ಕಬೋರಯ್ಯನನ್ನು ನೋಡಿದರೆ ಅವಳಿಗೆ ಇನ್ನೂ ಜಗಳವಾಡಬೇಕು ಎನ್ನಿಸುತ್ತಿತ್ತು. ಮಳವಳ್ಳಿ ಮದ್ದೂರಿನ ನಡುವೆ ಬಸ್ಸು ಓಡಿಸುತ್ತಲೇ ಕೂದಲು ಬೆಳ್ಳಗಾದ ಮನುಷ್ಯ. ಒಂದು ದಿನವೂ ಹೊತ್ತು ತಪ್ಪಿಸಿ ಬಂದವನಲ್ಲ. ಇವತ್ತು ಬೆಳಗಿನ ಜಾವ ಎದ್ದು ಅಂಗಳಕ್ಕೆ ಹೋಗಿ, ಗಾಳಿಗೆ ಅಂಗೈ ಒಡ್ಡಿ, "ಗಾಳಿ ನಮ್ ಕಡೀಕದೆ ಕಣಮ್ಮಿ, ಇವತ್ತು ಎದ್ದೇ ಏಳ್ತದೆ," ಎಂದಿದ್ದ. ಅವಳು ಬಿಸಿನೀರು ಹಿಡಿದು ಬರುವಷ್ಟರಲ್ಲಿ ಜಗುಲಿಯ ಮೇಲೆ ಕೂತವನು ಕೂತಂತೆಯೇ ಹೊರಟುಹೋಗಿದ್ದ. ಎಲ್ಲ ಬಿಟ್ಟು ಈ ದಿನವೇ ಆಗಬೇಕಿತ್ತೇ ಎಂದು ಅವಳಿಗೆ ಸಿಟ್ಟು.

ಯಾಕೆಂದರೆ ಊರಾಚೆ, ಕೆರೆಯಂಗಳದ ಪಕ್ಕದ ಪಾಳು ಆಲೆಮನೆಯಲ್ಲಿ, ಇನ್ನೊಂದು ವಿಮಾನ ನಿಂತಿತ್ತು. ಅದಕ್ಕೆ ಎರಡು ರೆಕ್ಕೆ, ಒಂದು ಬಾಲ, ಹಳೇ ಕಾರಿನಿಂದ ಕಿತ್ತ ಎಂಜಿನ್ನು, ಒಂದರ ಹಿಂದೊಂದು ಎರಡು ಸೀಟು. ಚಿಕ್ಕಬೋರಯ್ಯನೂ ಮಂಡ್ಯದ ಗುತ್ತಲಿನ ಲೆಕ್ಕದ ಮೇಷ್ಟ್ರು ಸಂಪತ್ ಕುಮಾರ ಅಯ್ಯಂಗಾರರೂ ಸೇರಿ ವರ್ಷಗಟ್ಟಲೆ ಕೂತು ಕಟ್ಟಿದ್ದು. ಅದು ಇಲ್ಲಿಯವರೆಗೆ ಒಮ್ಮೆಯೂ ನೆಲ ಬಿಟ್ಟಿರಲಿಲ್ಲ. ಏರಿ ಭದ್ರ ಮಾಡಿಸಲು ಸರ್ಕಾರದವರು ಕೆರೆಯನ್ನು ಒಣಗಿಸಿದ್ದರಿಂದ ಅದಕ್ಕೆ ಓಡಲು ಚಪ್ಪಟೆ ಜಾಗ ಸಿಕ್ಕಿತ್ತು. ಈಗ ಏರಿಯ ಕೆಲಸ ಮುಗಿದು, ಹೊಸ ನಾಲೆಯ ನೀರು ತೂಬಿನ ಬಾಗಿಲಿಗೇ ಬಂದು ನಿಂತಿತ್ತು. ನಾಳೆ ಬೆಳಿಗ್ಗೆ ಎಂಜಿನಿಯರು ಬಂದು ತೂಬು ಎತ್ತುತ್ತಾರೆ. ನಾಲೆಯ ನೀರು ತುಂಬಿದ ಕೆರೆ ಮತ್ತೆ ಒಣಗುವುದುಂಟೇ? ಸುತ್ತಲಿನ ಹೊಲವೆಲ್ಲ ಗದ್ದೆಯಾಗಿ ಕಬ್ಬು ಎದ್ದಿತ್ತು, ಓಡಿಸಲು ಬೇರೆ ಬಯಲಿರಲಿಲ್ಲ. ಇವತ್ತು ಹಾರಿದರೆ ಹಾರಿತು, ಇಲ್ಲವಾದರೆ ಅದು ಯಾವತ್ತಿಗೂ ಆಲೆಮನೆಯ ಕೋಳಿಗೂಡು.

*

ಆ ವಿಮಾನ ಶುರುವಾದದ್ದೇ ಒಂದು ಎಡವಟ್ಟಿನಿಂದ.

ಸಂಪತ್ ಕುಮಾರ ಮದರಾಸಿನಲ್ಲಿ ಓದುವಾಗ ಹಾರಿಸುವುದನ್ನು ಕಲಿತು ಬಂದಿದ್ದ. ಮಂಡ್ಯಕ್ಕೆ ಬಂದ ಮೇಲೆ ಹಾರಿಸಲು ಅವನಿಗೆ ಸಿಕ್ಕಿದ್ದು ಮಕ್ಕಳ ಗಾಳಿಪಟ ಮಾತ್ರ. ಒಂದು ಸಲ ಬಸ್ಸಿನಲ್ಲಿ ಡ್ರೈವರ ಪಕ್ಕ ಕೂತು ಆ ಸಂಕಟ ಹೇಳಿಕೊಂಡ. ಯಾವತ್ತೂ ಹೊತ್ತು ತಪ್ಪಿಸದ ಚಿಕ್ಕಬೋರಯ್ಯ ಅವತ್ತೊಂದು ದಿನ ಬಸ್ಸನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ಪ್ರಯಾಣಿಕರು ಬೈಯುತ್ತಿದ್ದರೂ ಕೇಳದೆ, ಪೂರ್ತಿ ಕತೆ ಕೇಳಿದ. ಕೊನೆಗೆ ಅಂದದ್ದು ಒಂದೇ ಮಾತು: "ನಾವೇ ಕಟ್ಟುಬುಡಾವ ಬುಡಿ ಮೇಷ್ಟ್ರೆ."

ಕೈಗೆ ಬಂದ ಮೊದಲ ಕೆಲಸ ಬಿದಿರು ತರಿಸುವುದು. ಅವತ್ತೇ ಚಿಕ್ಕಮಾದುವಿಗೆ ಹೇಳಿಕಳಿಸಿದ: "ನಮ್ಮನೇಲಿ ಒಂದು ಇಮಾನ ಕಟ್ಟಬೇಕು, ಒಳ್ಳೆ ಬಿದಿರು ತಕಂಡು ಬಾ."

ಮಾರನೆಯ ದಿನ ಬೆಳಿಗ್ಗೆ ಚಿಕ್ಕಮಾದು ಬಂದ. ಹಿಂದೆ ಬಿದಿರಿನ ಹೊರೆ. ಅದರ ಹಿಂದೆ ಚೆಂಡುಹೂವಿನ ಮಂಕರಿ. ಅದರ ಹಿಂದೆ ತಮಟೆಯವರು. ಬೀದಿಯಲ್ಲಿ ತಮಟೆಯ ಸದ್ದು ಕೇಳಿ ಪಟ್ಟಲಮ್ಮ ತನ್ನ ಮನೆಯಿಂದಲೇ ರಾಗ ಎಳೆದುಕೊಂಡು ಓಡಿಬಂದಳು. ಸೋಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ಯಾರು ಸತ್ತರೆಂದು ತಿಳಿಯದೆ, ಇರಲಿ ಎಂದು ತಾನೂ ಒಂದು ದನಿ ಅತ್ತಳು. ಅಷ್ಟರಲ್ಲಿ ಹಿತ್ತಿಲಿನಿಂದ ಚಿಕ್ಕಬೋರಯ್ಯ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ಬಂದ.

"ಯಾರ್ಲಾ ಸತ್ತಿದ್ದು?"

ಚಿಕ್ಕಮಾದು ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀವೇ ಅಂದ್ಕಂಡಿದ್ದೆ ಕಣಯ್ಯ."

ಅವತ್ತು ಊರು ನಕ್ಕ ನಗು ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಹೋಯಿತು. ಚಿಕ್ಕಬೋರಯ್ಯನ ಅಣ್ಣ ಅಂಕಯ್ಯ, ಊರ ಯಜಮಾನ, ಅರಳಿಕಟ್ಟೆಯ ಮೇಲೆ ಎಲ್ಲರೆದುರು ತಮ್ಮನಿಗೆ 'ಇಮಾನದ ಹುಚ್ಚ' ಎಂದು ಹೆಸರಿಟ್ಟ. ಇಟ್ಟ ಹೆಸರು ಗೋಂದು ಹಚ್ಚಿದಂತೆ ಅಂಟಿಕೊಂಡಿತು. ಬಸ್ಸಿನಲ್ಲಿ ಕೂತವರೂ, "ನಿಧಾನಕ್ಕೆ ಓಗಪ್ಪ, ಇದು ನೆಲದ ಮ್ಯಾಲಿನ ಗಾಡಿ," ಎಂದು ಚುಡಾಯಿಸುತ್ತಿದ್ದರು. ಚಿಕ್ಕಬೋರಯ್ಯ ನಗುತ್ತಿದ್ದ. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಒಂದೊಂದು ದಿನ ಮುದ್ದೆ ಮುರಿಯದೆ ಸುಮ್ಮನೆ ನೋಡುತ್ತಿದ್ದ. ಅದು ಸೋಮಮ್ಮನಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

*

ಬಿಸಿಲೇರುವ ಹೊತ್ತಿಗೆ ಸಂಪತ್ ಕುಮಾರ ಸೈಕಲ್ಲಿನಲ್ಲಿ ಬಂದ. ಹ್ಯಾಂಡಲಿಗೆ ಹಾರಾಟದ ಕನ್ನಡಕ ನೇತಾಡುತ್ತಿತ್ತು. ತಮಟೆ ಕೇಳಿ, ವಿಮಾನ ಹಾರುವ ಉತ್ಸಾಹಕ್ಕೆ ಊರವರೇ ಬಡಿಸುತ್ತಿದ್ದಾರೆಂದುಕೊಂಡು ನಗುತ್ತಲೇ ಅಂಗಳಕ್ಕೆ ಕಾಲಿಟ್ಟ. ನಡುಮನೆ ಕಂಡಿತು. ಸೈಕಲ್ಲು ಕೈಯಿಂದ ಜಾರಿ ಬಿತ್ತು. ಮಡಿ ಮೈಲಿಗೆಯ ಯೋಚನೆಯಿಲ್ಲದೆ ಹೊಸ್ತಿಲ ಪಕ್ಕದ ಮಣ್ಣಿನಲ್ಲೇ ಕೂತುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಸೋಮಮ್ಮನ ಹತ್ತಿರ ಬಂದ. "ನಾನು ಸ್ಮಶಾನದವರೆಗೂ ಬರ್ತೀನಮ್ಮ. ಆಮೇಲೆ ಆಲೆಮನೆಗೆ ಬೀಗ ಹಾಕಿಬಿಡೋಣ."

"ಯಾಕೆ?"

"ಯಾಕೆ ಅಂದರೆ..."

"ಕಿರುಗಾವಲಿಂದ ಮಗಳು ಬರೋಗಂಟ ಇವರನ್ನ ಎತ್ತಂಗಿಲ್ಲ. ಮಲ್ಲಿಗಮ್ಮ ಬರೋದು ಮಧ್ಯಾಹ್ನದ ಬಸ್ಸಿಗೆ. ಅಲ್ಲೀಗಂಟ ಕೂತು ಏನ್ ಮಾಡ್ತೀರಿ? ಇಮಾನ ಆರಿಸಿ."

ತಮಟೆಯವನ ಕೈ ಗಕ್ಕನೆ ನಿಂತಿತು. ಚಪ್ಪರದ ಕೆಳಗೆ ಕೂತಿದ್ದ ಅಂಕಯ್ಯ ಕೋಲೂರಿ ಎದ್ದ.

"ಏನಂದ್ಯವ್ವಾ?"

"ಇಮಾನ ಆರಿಸ್ಲಿ ಅಂದೆ ಬಾವ."

"ಮನೇಲಿ ಎಣ ಮಡೀಕಂಡು ಇಮಾನ ಆರಿಸ್ತಾರಾ? ಊರೋರು ಏನಂದಾರು?"

"ಊರೋರು ಏನಂತಿದ್ರು ಅನ್ನೋದು ಗೊತ್ತಲ್ಲ ಬಾವ. ಹುಚ್ಚ ಅಂತ ಎಸರಿಟ್ಟೋರು ನೀವೇಯ." ಸೋಮಮ್ಮ ದನಿ ಏರಿಸಲಿಲ್ಲ. "ನಾಳೀಕೆ ತೂಬು ಎತ್ತುತಾರೆ. ಆಮ್ಯಾಕೆ ನಿಮ್ ತಮ್ಮ ಇಮಾನದ ಹುಚ್ಚನಾಗೇ ಉಳ್ಕತಾನೆ. ಇವತ್ತು ಒಂದ್ ಗಳಿಗೆ ಅದು ನೆಲ ಬುಟ್ಟು ಎದ್ರೆ, ಇಮಾನ ಕಟ್ಟಿದೋನು ಅಂತಾರೆ. ಅಷ್ಟೇಯ ನಾನು ಕೇಳೋದು."

ಅಂಕಯ್ಯ ಕೋಲಿನ ತುದಿಯಿಂದ ನೆಲ ಕೆರೆದ. ಹೆಗಲ ಮೇಲಿನ ವಲ್ಲಿಯಿಂದ ಮೂಗು ಒರೆಸಿಕೊಂಡ. ಅವನು ಬೇಡ ಅನ್ನಲಿಲ್ಲ, ಅಷ್ಟೇ ಸಾಕಾಗಿತ್ತು. ಆದರೆ ಬೇಡ ಅಂದವನು ಸಂಪತ್ ಕುಮಾರ.

"ಹಾರಿಸೋಕೆ ಆಗಲ್ಲಮ್ಮ. ಅವರು ನನ್ನ ಮುಂದಿನ ಸೀಟಲ್ಲಿ ಕೂರ್ತಾರೆ ಅಂತಲೇ ತೂಕ ಕೂಡಿಸಿದ್ದು. ಬ್ಯಾಟರಿಗೆ ಜಾಗ ಹುಡುಕಿದ್ದೂ ಅದೇ ಲೆಕ್ಕದಲ್ಲಿ. ಮುಂದಿನ ಸೀಟು ಖಾಲಿಯಾದರೆ ಬಾಲ ಭಾರ ಆಗತ್ತೆ. ಎದ್ದರೂ ಮೂಗು ಮೇಲೆ ಮಾಡಿಕೊಂಡು ಬಿದ್ದುಬಿಡತ್ತೆ."

"ಬ್ಯಾಟ್ರೀನ ಮುಂದಕ್ಕೆ ಮಡಗಿ."

"ಒಬ್ಬ ಮನುಷ್ಯನ ತೂಕಕ್ಕೆ ಬ್ಯಾಟರಿ ಸಮವೇ? ಎಂಜಿನ್ ಮೂತಿಗೇ ಕಟ್ಟಿದರೂ ಸಾಲದು."

ಚಿಕ್ಕಮಾದು ಹೂವು ಸುತ್ತುತ್ತಿದ್ದಲ್ಲಿಂದಲೇ, "ರಾಗಿ ಮೂಟೆ ಮಡಗಿ ಸ್ವಾಮಿ, ಸರೋಯ್ತದೆ," ಎಂದ.

ಸೋಮಮ್ಮ ಅವನತ್ತ ತಿರುಗಿದಳು. "ಅವರ ಜಾಗದಾಗೆ ರಾಗಿ ಮೂಟೇನಾ?" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ನಾನೇ ಕೂತ್ಕತೀನಿ."

*

ವಿಮಾನ ಕಟ್ಟುತ್ತಿದ್ದ ದಿನಗಳಲ್ಲಿ ಬ್ಯಾಟರಿ ಎಲ್ಲಿದೆ ಎಂಬುದು ಸೋಮಮ್ಮನಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೊತ್ತಾಗುತ್ತಿತ್ತು.

ಎಂಜಿನ್ನಿಗೆ ಕಿಡಿ ಕೊಡಲು ಬ್ಯಾಟರಿ ಬೇಕೇ ಬೇಕು. ಸೀಸದ ತಗಡು, ಬ್ಯಾಟ್ರಿ ನೀರೆಂಬ ಆಸಿಡ್ಡು ತುಂಬಿಕೊಂಡು ಅದು ತುಂಬಿದ ಕೊಡದಷ್ಟು ಭಾರ. ಬ್ಯಾಟ್ರಿ ನೀರು ಬಟ್ಟೆಗೆ ತಾಕಿದರೆ ಆಗ ಏನೂ ಕಾಣದು. ನೆನೆಸಿ ಹಿಂಡಿದಾಗ ಆ ಜಾಗ ಕೊಳೆತ ಎಲೆಯ ಹಾಗೆ ಕೈಗೆ ಬರುತ್ತದೆ. ಮೊದಲು ಗಂಡನ ಅಂಗಿಯ ತೋಳೆಲ್ಲ ತೂತಾಯಿತು. ಬಸ್ಸಿನಲ್ಲಿ ಬ್ಯಾಟರಿ ಎಂಜಿನ್ನಿನ ಹತ್ತಿರವಿರುತ್ತದೆ, ಇಲ್ಲೂ ಅಲ್ಲೇ ಇರಲಿ ಎಂದು ಚಿಕ್ಕಬೋರಯ್ಯ ಹಟ ಹಿಡಿದು ಮೂತಿಗೆ ಕಟ್ಟಿಸಿದ್ದ. ಕೆರೆಯಂಗಳದಲ್ಲಿ ಓಡಿಸಿದ ಮೊದಲ ದಿನವೇ ವಿಮಾನ ಮೂಗು ಊರಿ ಮಣ್ಣು ಮುಕ್ಕಿತು, ಮೂತಿಯಲ್ಲಿ ತಿರುಗುವ ಮರದ ರೆಕ್ಕೆ ಮುರಿಯಿತು. ಆಮೇಲೆ ಪಂಚೆಯ ಮೊಣಕಾಲಿನ ಕಡೆ ತೂತು ಶುರುವಾಯಿತು. ಮೇಷ್ಟ್ರ ಲೆಕ್ಕದ ಪ್ರಕಾರ ಬ್ಯಾಟರಿ ಬಾಲದೊಳಕ್ಕೆ ಹೋಗಿತ್ತು. ಮೊಣಕಾಲೂರಿ ತೆವಳಿಕೊಂಡು ಹೋಗಿ ತಂತಿ ಬಿಗಿಯಬೇಕು. ಆ ಸಲ ಬಾಲವೇ ಏಳಲಿಲ್ಲ. ಕೆರೆಯಂಗಳದ ಕೊನೆಯ ಜಾಲಿಗಿಡದವರೆಗೂ ನೆಲ ಉಜ್ಜಿಕೊಂಡು ಹೋಗಿ ನಿಂತಿತು.

ಇಬ್ಬರಿಗೂ ಮಾತು ಬಿಟ್ಟುಹೋಯಿತು. ನಿಮ್ಮ ಲೆಕ್ಕದಿಂದ ಆಯಿತು ಎಂದು ಇವನು, ನಿಮ್ಮ ಹಟದಿಂದ ಆಯಿತು ಎಂದು ಅವನು. ಆಲೆಮನೆಯ ಆ ತುದಿಗೊಬ್ಬ ಈ ತುದಿಗೊಬ್ಬ ಕೂತಿರುತ್ತಿದ್ದರು. ಸೋಮಮ್ಮ ಬುತ್ತಿ ತಂದರೆ ಅವಳ ಮೂಲಕ ಮಾತಾಡುತ್ತಿದ್ದರು. "ಸುತ್ತಿಗೆ ಕೊಡು ಅನ್ನು ಮೇಷ್ಟ್ರಿಗೆ." "ಅದು ಅವರ ಹಿಂದೇನೇ ಇದೆ ಅಂತ ಹೇಳಿ ಅಮ್ಮ."

ಸಾಕಾಗಿ ಒಂದು ದಿನ ಅವಳೇ ಕೇಳಿದಳು. "ಮುಂದೆ ಮಡಗಿದ್ರೆ ಮುಂದಕ್ಕೆ ಬೀಳ್ತದೆ, ಹಿಂದೆ ಮಡಗಿದ್ರೆ ಹಿಂದಕ್ಕೆ. ಮಧ್ಯದಾಗೆ ಮಡಗಕ್ಕೇನು ದಾಡಿ?"

"ಮಧ್ಯದಾಗೆ ನಾನಿದ್ದೀನಲ್ಲಮ್ಮಿ!" ಎಂದ ಗಂಡ.

"ಮಧ್ಯ ಅಂದರೆ ಎಲ್ಲಿ ಅನ್ನೋದೇ ಪ್ರಶ್ನೆ," ಎಂದ ಮೇಷ್ಟ್ರು. ಅಷ್ಟು ಹೇಳಿದವನು ಸ್ವಲ್ಪ ಹೊತ್ತು ಚಾವಣಿ ನೋಡಿದ. ಆಮೇಲೆ ಕುಣಿಯುವುದೊಂದು ಬಾಕಿ. "ಬೋರಯ್ಯನವರೇ, ತೂಗುಹಾಕೋಣ!"

ಆಲೆಮನೆಯ ತೊಲೆಗೆ ಹಗ್ಗ ಹಾಕಿ, ಊರವರನ್ನು ಕರೆದು, ವಿಮಾನವನ್ನು ರೆಕ್ಕೆಯ ಬುಡಕ್ಕೆ ಕಟ್ಟಿ ಮೇಲೆತ್ತಿದರು. ಹಾರುವಾಗ ಹೇಗಿರುತ್ತದೋ ಹಾಗೇ ಇರಬೇಕೆಂದು ಇಬ್ಬರೂ ತಮ್ಮ ತಮ್ಮ ಸೀಟಿನಲ್ಲಿ ಕೂತರು. ಅವರು ಇಳಿಯುವ ಹಾಗಿಲ್ಲ, ಇಳಿದರೆ ತೂಕ ಕೆಡುತ್ತದೆ. ಬ್ಯಾಟರಿಯನ್ನು ಗೋಣಿತಾಟಿನಲ್ಲಿ ಸುತ್ತಿ ಅಲ್ಲಿ ಇಲ್ಲಿ ಇಟ್ಟು ನೋಡುವ ಕೆಲಸ ಸೋಮಮ್ಮನ ಪಾಲಿಗೆ ಬಂತು. ಏಣಿ ಹತ್ತಿ ಮೂತಿಯ ಹತ್ತಿರ ಇಟ್ಟಳು, ಮೂಗು ಇಳಿಯಿತು. ಬಾಲದ ಕಡೆ ಇಟ್ಟಳು, ಮೂಗು ಎದ್ದಿತು. ಗಂಡಸರಿಬ್ಬರೂ ತೊಟ್ಟಿಲಿನಲ್ಲಿ ಕೂತ ಮಕ್ಕಳ ಹಾಗೆ ಮೇಲಕ್ಕೂ ಕೆಳಕ್ಕೂ ತೂಗುತ್ತ, "ಇನ್ನೊಂಚೂರು ಈಚೆ," "ಅಷ್ಟು ಬೇಡ," ಎಂದು ಕೂಗುತ್ತಿದ್ದರು. ಕೈ ಸೋತು, ಕೊನೆಗೆ ಅವಳು ಗಂಡನ ಕಾಲು ಎತ್ತಿಸಿ ಅವನ ಸೀಟಿನ ಕೆಳಕ್ಕೇ ಅದನ್ನು ತಳ್ಳಿದಳು. ವಿಮಾನ ಎರಡು ಸಲ ತೂಗಿ ಹಾಗೇ ನೆಟ್ಟಗೆ ನಿಂತಿತು.

"ಅಲ್ಲೇ! ಅಲ್ಲಾಡಿಸ್ಬ್ಯಾಡ ಕಣಮ್ಮಿ! ಅಲ್ಲೇ!"

ಅವಳಿಗೂ ಅವನಿಗೂ ಹುಚ್ಚುನಗು. ಮೇಷ್ಟ್ರಿಗೆ ಮಾತ್ರ ಸಂಶಯ ಉಳಿದಿತ್ತು. ನಿಮ್ಮ ತೂಕ ಸರಿಯಾಗಿ ಎಷ್ಟು ಎಂದು ಕೇಳಿದ. ಮೂಲೆಯಲ್ಲಿ ಬೆಲ್ಲದ ಮೂಟೆ ತೂಗುವ ದೊಡ್ಡ ತಕ್ಕಡಿ ಇತ್ತು. ಚಿಕ್ಕಬೋರಯ್ಯ ಒಂದು ತಟ್ಟೆಯಲ್ಲಿ ಕೂತ. ಇನ್ನೊಂದಕ್ಕೆ ಹಾಕಲು ಕಲ್ಲು ಸಾಲಲಿಲ್ಲ. "ಕಲ್ಲು ಯಾಕೆ, ನೀನೇ ಬಾ," ಎಂದು ಹೆಂಡತಿಯನ್ನು ಎಳೆದು ಕೂರಿಸಿದ. ತಕ್ಕಡಿಯ ಮುಳ್ಳು ಅತ್ತಿತ್ತ ಹೋಗಿ ಮಧ್ಯಕ್ಕೆ ಬಂದು ನಿಂತಿತು. "ನೋಡಿದ್ರಾ ಮೇಷ್ಟ್ರೆ? ಇಷ್ಟು ವರ್ಸ ಜಗಳ ಆಡಿದ್ರೂವೆ ಒಬ್ರೂ ಗೆಲ್ನಿಲ್ಲ ಅಂದ್ರೆ ಇದೇಯ ಕಾರ್ಣ," ಎಂದ ಅವನು.

ಅವತ್ತಿನಿಂದ ಪಂಚೆಯ ತೊಡೆಯ ಹತ್ತಿರ ತೂತು ಬೀಳತೊಡಗಿತು. ಒಗೆಯುವಾಗ ಸೋಮಮ್ಮ ಬೈಯುವುದನ್ನು ಬಿಟ್ಟಳು.

*

"ನಾನೂ ಅವರೂ ತೂಕದಾಗೆ ಸಮ ಅಂತ ನೀವೇ ನೋಡಿದ್ದೀರಲ್ಲ ಮೇಷ್ಟ್ರೆ," ಎಂದಳು ಸೋಮಮ್ಮ.

ಸಂಪತ್ ಕುಮಾರ ಕೈ ಹಿಸುಕಿಕೊಂಡ. "ಅಪಾಯ ಇದೆಯಮ್ಮ. ಇದುವರೆಗೂ ಒಂದು ಸಲಾನೂ ಎದ್ದಿಲ್ಲ ಅದು."

"ಇವರ ಬಸ್ಸಿನಾಗೆ ಮದ್ದೂರು ಒಳೆ ದಾಟಿದೋಳು ನಾನು, ತುಂಬಿ ಅರೀತಿದ್ದಾಗ. ಅದ್ಕಿಂತ ಅಪಾಯ್ವಾ?"

"ಮುಂಡೆಯಾದೋಳು ಒಸ್ತಿಲು ದಾಟಬಾರ್ದು ಕಣೇ," ಎಂದಳು ಗುಂಪಿನಲ್ಲಿ ಯಾರೋ ಮುದುಕಿ.

ಸೋಮಮ್ಮ ಎರಡೂ ಕೈ ಎತ್ತಿ ಹಸಿರು ಬಳೆ ಅಲ್ಲಾಡಿಸಿದಳು. "ಇವನ್ನ ಒಡೆಯೋದು ಮಣ್ಣು ಮಾಡಿದ್ಮ್ಯಾಲೆ. ಅಲ್ಲೀಗಂಟ ನಾನು ಮುತ್ತೈದೆ. ಗಂಡನ ಜಾಗದಾಗೆ ಕೂರಾಕೆ ನಂಗೆ ಯಾರ ಅಪ್ಪಣೆ ಬೇಕು?"

ಮೊದಲು ಎದ್ದವಳು ಪಟ್ಟಲಮ್ಮ. ವಿಮಾನಕ್ಕೆಂದು ತಂದಿದ್ದ ಹೂವಿನಲ್ಲಿ ಒಂದು ಮೊಳ ಕಿತ್ತು ಓರಗಿತ್ತಿಯ ತುರುಬಿಗೆ ಮುಡಿಸಿದಳು, ಹಣೆಗೆ ಕಾಸಗಲ ಕುಂಕುಮ ಇಟ್ಟಳು. "ಓಗೇ. ಬಿದ್ದುಗಿದ್ದೀಯ, ಗಟ್ಟಿಯಾಗಿ ಇಡ್ಕ," ಎಂದಳು. ಅಷ್ಟು ಹೇಳುವಾಗ ಅವಳಿಗೇ ಅಳು ಬಂತು.

ಹೆಣ ಹೊರಬೇಕಾದ ಗಂಡಸರೇ ಆಲೆಮನೆಯಿಂದ ವಿಮಾನ ತಳ್ಳಿಕೊಂಡು ಬಂದರು. ಅಂಕಯ್ಯ ಏರಿಯ ಮೇಲೆ ಕೂತಿರುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಅವನು ಕೋಲು ಬಿಸಾಡಿ ಬಂದು ಬಾಲ ಹಿಡಿದುಕೊಂಡ. ಸೋಮಮ್ಮ ಮುಂದಿನ ಸೀಟಿನಲ್ಲಿ ಕೂತಳು, ಮಡಿಲಲ್ಲಿ ಒಂದು ಮಂಕರಿ ಹೂವು. ಕಾಲಿನ ಹಿಂದೆ ಬ್ಯಾಟರಿಯ ಪೆಟ್ಟಿಗೆ ತಾಕುತ್ತಿತ್ತು. ಕೈಯಿಟ್ಟ ಕಡೆಯೆಲ್ಲ ಬಿದಿರಿಗೆ ಹೊದಿಸಲು ಅವಳೇ ಹೊಲಿದ ಬಟ್ಟೆ, ಅದು ಬಿಗಿಯಲೆಂದು ಅವಳೇ ಕಾಯಿಸಿ ಬಳಿದ ಸಬ್ಬಕ್ಕಿ ಗಂಜಿ. ಸಂಪತ್ ಕುಮಾರ ಮೂತಿಯ ಮರದ ರೆಕ್ಕೆ ಹಿಡಿದು ಒಮ್ಮೆ ತಿರುವಿದ, ಇನ್ನೊಮ್ಮೆ ತಿರುವಿದ. ಎಂಜಿನ್ನು ಕೆಮ್ಮಿ, ಗುಡುಗಿ, ಹಿಡಿದುಕೊಂಡಿತು. ಅವನು ಓಡಿಬಂದು ಹಿಂದಿನ ಸೀಟಿಗೆ ಹಾರಿದ.

"ಬುಡ್ರಲಾ!" ಎಂದು ಕೂಗಿದವನು ಅಂಕಯ್ಯ.

ಕೆರೆಯಂಗಳ ಅವಳತ್ತ ನುಗ್ಗಿ ಬಂತು. ಹಲ್ಲು, ಮೂಳೆ, ಬಳೆ ಎಲ್ಲ ಗಡಗಡ ಅಲುಗಿದವು. ಬಾಲ ಎದ್ದಿತು. ಕಣ್ಣ ಮುಂದೆ ಜಾಲಿಗಿಡದ ಸಾಲು ದೊಡ್ಡದಾಗುತ್ತ ಬಂತು, ಹೋದ ಸಲ ನಿಂತದ್ದು ಅಲ್ಲೇ. 'ಏಳು,' ಎಂದು ಅವಳು ಅದಕ್ಕೆ ಹೇಳಿದಳು, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ. 'ಏಳು ಕಣಪ್ಪ, ಹೊತ್ತಾಯ್ತು.'

ಗಡಗಡ ನಿಂತುಹೋಯಿತು. ಏನೋ ಮುರಿಯಿತೆಂದು ಕಣ್ಣು ಮುಚ್ಚಿದಳು. ತೆರೆದು ನೋಡಿದರೆ ಜಾಲಿಗಿಡ ಕಾಲಡಿಯಲ್ಲಿತ್ತು.

ಹಾರಿತ್ತು. ಚಿಕ್ಕಬೋರಯ್ಯನ ವಿಮಾನ ಹಾರಿತ್ತು! ಅವಳು ಗಟ್ಟಿಯಾಗಿ ಕೂಗಿದಳು, ಏನು ಕೂಗಿದಳೆಂದು ಅವಳಿಗೇ ಕೇಳಲಿಲ್ಲ. ಕೆಳಗೆ ರೈಲುಕಂಬಿ ನೂಲೆಳೆದ ಹಾಗೆ ಮಂಡ್ಯದ ಕಡೆ ಹೋಗಿತ್ತು. ಕಬ್ಬಿನ ಗದ್ದೆಗಳು, ತೂಬಿನ ಹಿಂದೆ ಹೊಳೆಯುತ್ತ ಕಾದಿದ್ದ ನಾಲೆಯ ನೀರು, ತನ್ನ ಮನೆಯ ಹೆಂಚು, ಅಂಗಳದಲ್ಲಿ ಚೆಂಡುಹೂವಿನ ಹಳದಿ ಚುಕ್ಕೆಯಂತೆ ಚಿಕ್ಕಮಾದು ಕಟ್ಟಿದ ವಿಮಾನ. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಮನಸಾರೆ ಅತ್ತಳು. ಸಂತೋಷವೋ ಸಂಕಟವೋ ಎಂದು ಬಿಡಿಸಿ ನೋಡಲು ಹೋಗಲಿಲ್ಲ, ಎರಡೂ ಇತ್ತು. ಮನೆಯ ಮೇಲೆ ಬಂದಾಗ ಮಂಕರಿ ಬೋರಲು ಹಾಕಿದಳು. ಗಂಡನ ಮೇಲೆ ಬೀಳಲೆಂದು ಹಾಕಿದ ಹೂವನ್ನು ಗಾಳಿ ಊರಿನ ಎಲ್ಲ ಮನೆಗಳ ಮೇಲೂ ಹಂಚಿತು.

*

ಮಲ್ಲಿಗಮ್ಮ ನಗುತ್ತ ಓಡಿಬಂದಳು.

ಕಿರುಗಾವಲಿಗೆ ಸುದ್ದಿ ಹೋಗಿದ್ದು ಮೊದಲ ಬಸ್ಸಿನವರ ಬಾಯಲ್ಲಿ. ಬಸ್ಸಿಂದ ಬಸ್ಸಿಗೆ, ಬಾಯಿಂದ ಬಾಯಿಗೆ ದಾಟಿ ಅವಳಿಗೆ ಮುಟ್ಟಿದ್ದು ಇಷ್ಟೇ: "ಇವತ್ತು ನಿಮ್ಮಪ್ಪನ ಇಮಾನ ಎತ್ತುತಾರಂತೆ, ಬಿರ್ರನೆ ಬರಬೇಕಂತೆ." ಇವತ್ತು ಹಾರಿಸುತ್ತಾರೆಂದು ಅವಳಿಗೆ ಮೊದಲೇ ಗೊತ್ತಿತ್ತಲ್ಲ! ರೇಷ್ಮೆಸೀರೆ ಉಟ್ಟು, ಮದ್ದೂರಿನಲ್ಲಿ ಅಪ್ಪನಿಗೆಂದು ದಪ್ಪನೆಯ ಹಾರ ಕೊಂಡು, ಬಸ್ಸಿನಲ್ಲಿ ಬರುತ್ತಿದ್ದಾಗಲೇ ತಲೆಯ ಮೇಲೆ ವಿಮಾನ ಹಾದುಹೋಗಿತ್ತು. ಬಸ್ಸಿಗೆ ಬಸ್ಸೇ ಇಳಿದು ನಿಂತು ಚಪ್ಪಾಳೆ ತಟ್ಟಿತ್ತು. ಇಮಾನದ ಹುಚ್ಚ ಎಂದು ಚುಡಾಯಿಸುತ್ತಿದ್ದವರೇ "ನಮ್ ಬೋರಯ್ಯ, ನಮ್ ಡ್ರೈವರು!" ಎಂದು ಕೂಗಿದ್ದರು.

"ಅವ್ವಾ, ಕಂಡೆ ಕಣವ್ವಾ! ಅಪ್ಪ ಆರಿದ್ದ ಕಂಡೆ! ಎಲ್ಲವನೆ?"

ಸೋಮಮ್ಮ ಆಗಷ್ಟೇ ಕೆರೆಯಂಗಳದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೂದಲು ಕೆದರಿ, ಮುಖಕ್ಕೆಲ್ಲ ಎಂಜಿನ್ ಎಣ್ಣೆ ಸಿಡಿದಿತ್ತು. ಮಗಳ ಕೈ ಹಿಡಿದುಕೊಂಡಳು. ಮಲ್ಲಿಗಮ್ಮ ಅವ್ವನ ಮುಖ ನೋಡಿದಳು, ತಮಟೆಯವರನ್ನು ನೋಡಿದಳು, ಅವ್ವನ ಹೆಗಲಾಚೆ ನಡುಮನೆ ನೋಡಿದಳು. ನಗು ಇನ್ನೂ ಮುಖದ ಮೇಲಿರುವಾಗಲೇ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಳು.

ಸೋಮಮ್ಮ ಮಗಳ ಜೊತೆಗೇ ಕೆಳಗೆ ಕೂತು ಅವಳ ತಲೆ ಎದೆಗೊತ್ತಿಕೊಂಡಳು. "ನೀನು ಕಂಡಿದ್ದು ಸುಳ್ಳಲ್ಲ ಕಣ್ ಮಗಾ. ನಿಮ್ಮಪ್ಪನ ಜಾಗ ಆರ್ತು. ನಾನು ಕೂತ್ಕಂಡಿದ್ದೆ."

ಬಹಳ ಹೊತ್ತಿನ ಮೇಲೆ ಮಲ್ಲಿಗಮ್ಮ ಎದ್ದು, ಹಾರಿದವನಿಗೆಂದು ತಂದ ಹಾರವನ್ನು ಅಪ್ಪನ ಕೊರಳಿಗೆ ಹಾಕಿದಳು. ಅದು ಹೆಣಕ್ಕೆ ಹಾಕುವ ಹಾರವಲ್ಲ, ಗೆದ್ದವರಿಗೆ ಹಾಕುವ ಗುಲಾಬಿ ಹಾರ. ಅದನ್ನು ತೆಗೆಯಿರಿ ಎಂದು ಒಬ್ಬರೂ ಅನ್ನಲಿಲ್ಲ.

ಚಿಕ್ಕಬೋರಯ್ಯನನ್ನು ಬಿದಿರಿನ ವಿಮಾನದಲ್ಲಿ ಕೂರಿಸಿದರು. ಎತ್ತಿದಾಗ ಅದು ಮುಂದಕ್ಕೂ ವಾಲಲಿಲ್ಲ, ಹಿಂದಕ್ಕೂ ವಾಲಲಿಲ್ಲ. ಮುಂದಿನ ಹೆಗಲು ಕೊಟ್ಟವನು ಅಂಕಯ್ಯ. ದಾರಿಯಲ್ಲಿ ಹನಕೆರೆ ಸ್ಟೇಷನ್ನಿನಿಂದ ಬಂದ ಅಪರಿಚಿತನೊಬ್ಬ ಬದಿಗೆ ಸರಿದು, "ಯಾರದು ಸಾವು?" ಎಂದು ಕೇಳಿದ. ಅಂಕಯ್ಯ ಹೆಗಲು ಬದಲಾಯಿಸದೆ ಎಲ್ಲರಿಗೂ ಕೇಳುವ ಹಾಗೆ, "ನನ್ ತಮ್ಮಂದು. ಇಮಾನ ಕಟ್ಟಿದನಲ್ಲ, ಅವನು," ಎಂದ.

*

ಮಣ್ಣು ಮಾಡಿದ ಮೇಲೆ ಎಲ್ಲರೂ ನಾಲೆಗೆ ಇಳಿದು ಮುಳುಗೆದ್ದರು. ಹೆಂಗಸರು ಸೋಮಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ ಕುಂಕುಮ ಒರೆಸಿದರು, ಹೂವು ತೆಗೆದರು, ಬಳೆ ಒಡೆದರು. ಅವಳು ಕೈ ಹಿಂದಕ್ಕೆಳೆಯಲಿಲ್ಲ. ಎಲ್ಲ ಮುಗಿದ ಮೇಲೆ ನೀರಿನಲ್ಲಿ ನಿಂತೇ ಸೀರೆಯ ನೆರಿಗೆ ಹಿಂಡಿದಳು.

ತೊಡೆಯ ಹತ್ತಿರ ಬಟ್ಟೆ ಕೊಳೆತ ಎಲೆಯ ಹಾಗೆ ಕೈಗೆ ಬಂತು.

"ಅಯ್ಯೋ, ಒಸಾ ಸೀರೆ ಕಣೇ ಸೋಮಿ, ಎಲ್ಲಿ ತಗಲಿಸ್ಕಂಡೆ?" ಎಂದಳು ಪಟ್ಟಲಮ್ಮ.

ಸೋಮಮ್ಮ ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಮುಳುಗುವ ಸೂರ್ಯನ ಕಡೆ ಎತ್ತಿ ನೋಡಿದಳು. ತೂತಿನೊಳಗಿಂದ ತೂರಿ ಬಂದ ಬಿಸಿಲು ಬಳೆಯಿಲ್ಲದ ಅವಳ ಮಣಿಕಟ್ಟಿನ ಮೇಲೆ ದುಂಡಗೆ ಕೂತಿತ್ತು.